ರಾಧಾನಗರಿಯ ಕಾಡು: ಬೇಟೆಯಿಂದ ಅಭಯದವರೆಗೆ

ಗಡಿನಾಡಿನವರಾದ ನಾವು ಗಡಿಯ ಮಾತು ಬಂದಾಗಲೆಲ್ಲ ಶಾಲೆ, ನಾಮಫಲಕ, ಆಯೋಗದ ವರದಿ ಇವುಗಳನ್ನೇ ನೆನೆಯುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಅವು ನಮ್ಮ ದಿನನಿತ್ಯದ ಸಂಕಟಗಳು. ಆದರೆ 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ನೋಡಿದ್ದು ಮುಖ್ಯವಾಗಿ ಭಾಷೆಯ ಲೆಕ್ಕ. ಹೊಳೆ ಎಲ್ಲಿ ಹುಟ್ಟುತ್ತದೆ, ಯಾರ ಊರಿಗೆ ಹರಿಯುತ್ತದೆ, ಆ ಹೊಳೆಯನ್ನು ಹಿಡಿದಿಟ್ಟ ಕಾಡು ಯಾರ ಕೈಯಲ್ಲಿದೆ ಎಂಬ ಲೆಕ್ಕ ಬೇರೆಯೇ ಆಗಿ ಉಳಿಯಿತು. ಆ ಎರಡನೆಯ ಲೆಕ್ಕದ ಬಗ್ಗೆ ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ನಾನು ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜದವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲವು ವರ್ಷ ಇಚಲಕರಂಜಿಯಲ್ಲಿದ್ದೆ, ಈಗ ಊರಿನಲ್ಲಿದ್ದೇನೆ. ಬಿ.ಎ.ಯಲ್ಲಿ ಓದಿದ ಇತಿಹಾಸದ ಮೇಲಿನ ಆಸೆ ಇನ್ನೂ ಬಿಟ್ಟಿಲ್ಲ, ಅಷ್ಟೆ, ವಿದ್ವಾಂಸನಲ್ಲ. ಕಾಸರಗೋಡಿನ ಬಂಧುಗಳಿಗೆ ನಮ್ಮ ಕಡೆಯ ಒಂದು ಕಾಡಿನ ಕಥೆ ಹೇಳಬೇಕೆನಿಸಿದ್ದಕ್ಕೆ ಕಾರಣ ಕೊನೆಯಲ್ಲಿ ತಾನಾಗಿ ತಿಳಿಯುತ್ತದೆ.

ಕೊಲ್ಲಾಪುರದಿಂದ ನೈಋತ್ಯಕ್ಕೆ, ಸಹ್ಯಾದ್ರಿಯ ಏಣಿನ ಮೇಲೆ, ರಾಧಾನಗರಿ ವನ್ಯಜೀವಿ ಅಭಯಾರಣ್ಯವಿದೆ. ವಿಸ್ತಾರ 351.16 ಚದರ ಕಿಲೋಮೀಟರು. ಭೋಗಾವತಿ, ದೂಧಗಂಗೆ, ತುಳಸಿ ಮುಂತಾದ ಹೊಳೆಗಳ ಜಲಾನಯನ ಇದು. ಒಂದು ಬದಿಗೆ ರಾಧಾನಗರಿಯ ಲಕ್ಷ್ಮೀ ತಲಾವ್, ಇನ್ನೊಂದು ಬದಿಗೆ ಕಾಳಮ್ಮವಾಡಿ ಜಲಾಶಯ. ಕಾಳಮ್ಮವಾಡಿ ಎಂಬ ಹೆಸರನ್ನು ಕೇಳಿದ ಕನ್ನಡಿಗನಿಗೆ ಅರ್ಥ ಹೇಳಬೇಕಾಗಿಲ್ಲ. ಕೊಲ್ಲಾಪುರವನ್ನು ಆಳಿದ ಶಿಲಾಹಾರರ ಶಾಸನಗಳಲ್ಲಿ ಸಂಸ್ಕೃತದ ಜತೆ ಕನ್ನಡವೂ ಇದೆ. ಹನ್ನೆರಡನೆಯ ಶತಮಾನದ ಗಂಡರಾದಿತ್ಯನು ರಾಜ್ಯಭಾರ ಮಾಡಿದ ವಳವಾಡ ಎಂಬ ಊರು ಇಂದಿನ ರಾಧಾನಗರಿಯೇ ಎಂದು ಗುರುತಿಸಿದ ಇತಿಹಾಸಕಾರರಿದ್ದಾರೆ. ಅದೇ ಗಂಡರಾದಿತ್ಯ ಮಿರಜ ಸೀಮೆಯಲ್ಲಿ ಗಂಡಸಮುದ್ರವೆಂಬ ಕೆರೆ ಕಟ್ಟಿಸಿ, ಅದರ ದಂಡೆಯಲ್ಲಿ ಶಿವ, ಬುದ್ಧ, ಜಿನ ಮೂವರನ್ನೂ ನಿಲ್ಲಿಸಿದ. ಕೆರೆಯ ನೀರಿಗೆ ಮತಭೇದವಿಲ್ಲವೆಂಬುದು ಆ ಕಾಲಕ್ಕೇ ತಿಳಿದಿತ್ತು.

ಈಗಿನ ಕಾಡಿನ ಕಥೆ ಆರಂಭವಾಗುವುದು ಶಾಹೂ ಮಹಾರಾಜರಿಂದ. 1894ರಲ್ಲಿ ಅವರು ಅಧಿಕಾರ ವಹಿಸಿಕೊಂಡ ಎರಡೇ ವರ್ಷಕ್ಕೆ ಬರ, ಅದರ ಹಿಂದೆಯೇ ಪ್ಲೇಗು, 1899-1900ರಲ್ಲಿ ಮತ್ತೊಂದು ಬರ. ಸಂಸ್ಥಾನದ ಪಶ್ಚಿಮಕ್ಕೆ ಮಳೆ ಧೋ ಎಂದು ಸುರಿಯುತ್ತದೆ, ಪೂರ್ವದ ಬಯಲಿನಲ್ಲಿ ಬಾವಿ ಬತ್ತುತ್ತದೆ. ಮೇಲಿನ ನೀರನ್ನು ಹಿಡಿದು ಕೆಳಕ್ಕೆ ಕೊಡುವುದೊಂದೇ ದಾರಿ. ಹಾಗಾಗಿ 1908-09ರ ಹೊತ್ತಿಗೆ ಭೋಗಾವತಿಗೆ ಅಣೆಕಟ್ಟು ಕಟ್ಟುವ ಕೆಲಸ ಹಿಡಿದರು. ಮಗಳು ರಾಧಾಬಾಯಿಯ ಹೆಸರಿನಲ್ಲಿ ರಾಧಾನಗರಿ ಎಂಬ ಊರು ನಿಲ್ಲಿಸಿದರು. ಕೆರೆಗೆ ರಾಣಿ ಲಕ್ಷ್ಮೀಬಾಯಿಯವರ ಹೆಸರಾಯಿತು. ಹಣ ಸಾಲದೆ ಕೆಲಸ ನಡುವೆ ನಿಂತಿತು. 1922ರಲ್ಲಿ ಮಹಾರಾಜರು ತೀರಿಕೊಂಡರು. ಅಣೆಕಟ್ಟು ಪೂರ್ತಿಯಾದದ್ದು ಸ್ವಾತಂತ್ರ್ಯದ ನಂತರ, 1950ರ ದಶಕದಲ್ಲಿ.

ಶಾಹೂ ಮಹಾರಾಜರು ಬೇಟೆಗಾರರೂ ಹೌದು. ದಾಜೀಪುರದ ಸುತ್ತಲಿನ ದಟ್ಟ ಕಾಡು ಸಂಸ್ಥಾನದ ಕಾದಿಟ್ಟ ಬೇಟೆಯ ಕಾಡಾಗಿತ್ತು. ರಾಜನ ಅಪ್ಪಣೆಯಿಲ್ಲದೆ ಅಲ್ಲಿ ಕೊಡಲಿ ಆಡುವಂತಿರಲಿಲ್ಲ. ಇದು ಹಳ್ಳಿಯವರಿಗೆ ಸುಖದ ವ್ಯವಸ್ಥೆಯಾಗಿತ್ತೆಂದು ನಾನು ಹೇಳಲಾರೆ. ಸೌದೆಗೆ, ಮೇವಿಗೆ ಕಾಡನ್ನೇ ನಂಬಿದವರಿಗೆ ರಾಜನ ಬೇಲಿ ಬೇಲಿಯೇ. ಆದರೆ ಬೇಟೆಗಾಗಿ ಕಾದದ್ದರಿಂದ ಮರ ಉಳಿಯಿತು, ಮರ ಉಳಿದದ್ದರಿಂದ ಅಣೆಕಟ್ಟಿಗೆ ಹೂಳು ಕಡಿಮೆಯಾಗಿ ನೀರು ಬಂತು. ಒಂದು ಉದ್ದೇಶಕ್ಕೆ ಮಾಡಿದ ಕಾವಲು ಇನ್ನೊಂದಕ್ಕೆ ಒದಗಿತು.

1949ರ ಮಾರ್ಚ್ 1ರಂದು ಕೊಲ್ಲಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರಾಜನಿಲ್ಲದ ಮೇಲೆ ರಾಜನ ಬೇಟೆಯ ಕಾಡು ಏನಾಗಬೇಕು? ದೇಶದ ಎಷ್ಟೋ ಕಡೆ ಇಂಥ ಕಾಡುಗಳು ಇದ್ದಿಲಾಗಿ, ಸ್ಲೀಪರ್ ಮರವಾಗಿ ಹೋದವು. ಇಲ್ಲಿ ಹಾಗಾಗಲಿಲ್ಲ. 1958ರಲ್ಲಿ ದಾಜೀಪುರದ ಕಾಡನ್ನು ಕಾಡುಕೋಣಗಳ ಅಭಯಾರಣ್ಯವೆಂದು ಸಾರಿದರು. ಮಹಾರಾಷ್ಟ್ರ ರಾಜ್ಯ ಹುಟ್ಟಿದ್ದು 1960ರಲ್ಲಿ. ಅಂದರೆ ಈ ಅಭಯಾರಣ್ಯ ರಾಜ್ಯಕ್ಕಿಂತ ಎರಡು ವರ್ಷ ಹಿರಿಯದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1985ರಲ್ಲಿ ಸುತ್ತಲಿನ ಅರಣ್ಯವನ್ನೂ ಕೂಡಿಸಿ ಈಗಿನ ವಿಸ್ತಾರದ ರಾಧಾನಗರಿ ಅಭಯಾರಣ್ಯವಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್, ಕೊಯ್ನಾ, ಚಾಂದೋಲಿಗಳ ಜತೆ ರಾಧಾನಗರಿಯೂ ಅದರಲ್ಲಿತ್ತು.

ಹೆಸರು ಕಾಡುಕೋಣದ್ದಾದರೂ ಈ ಕಾಡಿನ ನಿಜವಾದ ಸಂಪತ್ತು ಗಿಡಮರಗಳಲ್ಲಿದೆ. ಕಣಿವೆಗಳಲ್ಲಿ ಅಂಜನಿ, ನೇರಳೆ, ಪಿಸಾ ಮರಗಳ ಅರೆ ನಿತ್ಯಹಸುರಿನ ಕಾಡು. ಇಳಿಜಾರಿನಲ್ಲಿ ಅಳಲೆಕಾಯಿಯ ಮರ, ಏಳು ವರ್ಷಕ್ಕೊಮ್ಮೆ ಹೂಬಿಡುವ ಕಾರವಿ. ಇದು ಮಲೆಯಾಳದ ನೀಲಕುರಿಂಜಿಯ ಬಳಗದ್ದು. ಎಲ್ಲಕ್ಕಿಂತ ಮೇಲೆ, ಬೆಟ್ಟದ ನೆತ್ತಿಯಲ್ಲಿ, ಮರವೇ ಇಲ್ಲದ ಚಪ್ಪಟೆ ಕಲ್ಲುಹಾಸು. ಮರಾಠಿಯಲ್ಲಿ ಇದಕ್ಕೆ ‘ಸಡಾ’ ಎನ್ನುತ್ತಾರೆ. ಕಲ್ಲು ಜಾಂಭಾ, ಅಂದರೆ ನಮ್ಮ ಜಂಬಿಟ್ಟಿಗೆ, ಕಾಸರಗೋಡಿನ ಮುರಕಲ್ಲು, ಮಲಯಾಳದ ಚೆಂಗಲ್ಲು. ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟದ್ದು ಮಲಬಾರಿನ ಅಂಗಾಡಿಪ್ಪುರದಲ್ಲಿ ಕಂಡದ್ದನ್ನು ಆಧರಿಸಿ, 1807ರಲ್ಲಿ ಬಂದ ತನ್ನ ಪುಸ್ತಕದಲ್ಲಿ.

ಕಾಸರಗೋಡಿನ ಓದುಗರು ತಮ್ಮ ಊರ ಪದವು, ಪಾರೆಗಳನ್ನು ಕಣ್ಣಮುಂದೆ ತಂದುಕೊಂಡರೆ ಸಾಕು, ನಮ್ಮ ಸಡಾ ಹೇಗಿದೆಯೆಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಬರೀ ಕಾದ ಕಾವಲಿ. ಸರ್ಕಾರಿ ದಾಖಲೆಯಲ್ಲಿ ಪಡಾ ಭೂಮಿ. ಆದರೆ ಮಳೆ ಬಿದ್ದ ಎರಡು ತಿಂಗಳಿಗೆ ಅಲ್ಲಿ ಹೂವಿನ ಸಂತೆ. ಒಂದು ಬೆರಳು ಮಣ್ಣು, ಅದರಲ್ಲಿ ನಿಂತ ನೀರು, ಆ ನೀರಿನಲ್ಲಿ ಮಾತ್ರ ಬಾಳಬಲ್ಲ ಸಣ್ಣ ಗಿಡಗಳು. ಕೇರಳದಲ್ಲಿ ಓಣಂ ಹೂವಳಕ್ಕೆ ಆರಿಸುವ ನೀಲಿ ಕಾಕ್ಕಪ್ಪೂವಿನ ಜಾತಿಗೆ ಇಲ್ಲಿ ಮರಾಠಿಯವರು ‘ಸೀತೆಚಿ ಆಸವೆ’, ಸೀತೆಯ ಕಣ್ಣೀರು, ಎಂದು ಹೆಸರಿಟ್ಟಿದ್ದಾರೆ. ಮಣ್ಣಿನಲ್ಲಿ ಸಾರವಿಲ್ಲದ್ದರಿಂದ ಈ ಗಿಡ ಕೆಳಗಿನ ಸಣ್ಣ ಚೀಲಗಳಲ್ಲಿ ನೀರಿನ ಹುಳುಗಳನ್ನು ಹಿಡಿದು ತಿಂದು ಬದುಕುತ್ತದೆ. ಇನ್ನೊಂದು ಕಂದೀಲ ಪುಷ್ಪ. ಕಂದೀಲಿನ ಆಕಾರದ ಹೂವು ಸಣ್ಣ ನೊಣವನ್ನು ಒಳಗೆ ಬಿಟ್ಟುಕೊಂಡು, ಒಳಮುಖವಾದ ಕೂದಲುಗಳಿಂದ ತಡೆದು, ಪರಾಗದ ಕೆಲಸ ಮುಗಿದ ಮೇಲೆ ಬಿಡುಗಡೆ ಮಾಡುತ್ತದೆ. ಇದರ ಗೆಡ್ಡೆ ತಿನ್ನಲು ಬರುವುದರಿಂದ ಅಗೆದು ಅಗೆದು ಹಲವು ಜಾತಿ ಅಪರೂಪವಾಗಿವೆ. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಇವನ್ನು ಕೂಡಿಸಿ ಬೆಳೆಸುವ ಕೆಲಸ ನಡೆದಿದೆ. ಪ್ರೊ. ಎಸ್. ಆರ್. ಯಾದವ ಮತ್ತು ಎಂ. ಎಂ. ಸರದೇಸಾಯಿ ಅವರು 2002ರಲ್ಲಿ ಕೊಲ್ಲಾಪುರ ಜಿಲ್ಲೆಯ ಸಸ್ಯಗಳ ಬಗ್ಗೆ ದೊಡ್ಡ ಗ್ರಂಥವನ್ನೇ ತಂದಿದ್ದಾರೆ.

ಸಡಾಕ್ಕೆ ಎರಡು ಶತ್ರುಗಳಿವೆ: ‘ಪಡಾ’ ಎಂಬ ಹೆಸರು, ಮತ್ತು ಕಲ್ಲಿನೊಳಗಿನ ಬಾಕ್ಸೈಟ್. ಬಾಕ್ಸೈಟ್ ಇರುವುದು ಮೇಲ್ಪದರದಲ್ಲಿಯೇ. ತೆಗೆಯಬೇಕೆಂದರೆ ನೆತ್ತಿಯನ್ನೇ ಕೆತ್ತಬೇಕು. ರಾಧಾನಗರಿ ತಾಲೂಕಿನ ದುರ್ಗಮಾನವಾಡಿಯ ಬಾಕ್ಸೈಟ್ ಬೆಳಗಾವಿಯ ಅಲ್ಯುಮಿನಾ ಕಾರ್ಖಾನೆಗೆ ಹೋಗುತ್ತಿತ್ತು. ಮಹಾರಾಷ್ಟ್ರದ ಬೆಟ್ಟ ಕರೆದರೆ ಕರ್ನಾಟಕಕ್ಕೆ ಕೆಲಸ. ಗಡಿ ಅಲ್ಲಿ ಯಾರಿಗೂ ಅಡ್ಡಬರಲಿಲ್ಲ. ನಿಮ್ಮ ಜಿಲ್ಲೆಯ ಕಿನಾನೂರು-ಕರಿಂದಳಂ ಪಂಚಾಯತಿನ ಕಡಲಾಡಿಪ್ಪಾರೆಯಲ್ಲಿ ಬಾಕ್ಸೈಟ್ ಗಣಿಯ ವಿರುದ್ಧ ಜನ ಎದ್ದು ನಿಂತದ್ದನ್ನು ನೀವೇ ಬಲ್ಲಿರಿ. ಎರಡೂ ಕಡೆಯ ಕಲ್ಲು ಒಂದೇ, ವಾದವೂ ಒಂದೇ: ಬರಡು ಜಾಗವಲ್ಲವೇ, ಅಗೆದರೇನು?

ಮರಕ್ಕೂ ಇಂಥದೇ ಆಪತ್ತು ಬಂದಿತ್ತು. ‘ನರಕ್ಯಾ’ ಎಂಬ ದುರ್ವಾಸನೆಯ ಮರ ಸಹ್ಯಾದ್ರಿಯಲ್ಲಿದೆ. ಊರಿನವರಿಗೆ ಅದು ಅಷ್ಟೇನೂ ಬೇಕಾದ ಮರವಲ್ಲ. ಅದರಲ್ಲಿ ಕ್ಯಾಂಪ್ಟೋಥೆಸಿನ್ ಎಂಬ ದ್ರವ್ಯವಿದೆಯೆಂದು 1972ರಲ್ಲಿ ಗೋವಿಂದಾಚಾರಿಯವರು ತೋರಿಸಿಕೊಟ್ಟರು. 1996ರಲ್ಲಿ ಅದರಿಂದ ಬಂದ ಎರಡು ಕ್ಯಾನ್ಸರ್ ಔಷಧಿಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೇಡಿಕೆ ಏರಿದಂತೆ ಕೊಲ್ಲಾಪುರ, ಸಿಂಧುದುರ್ಗದ ಕಾಡುಗಳಲ್ಲಿ ಕಳ್ಳಕಡಿತ ಹೆಚ್ಚಿತು. ರೋಗಿಯ ಜೀವ ಉಳಿಸುವ ಮರವೇ ಬುಡಸಮೇತ ಮಾಯವಾಗುವ ಕಾಲ ಬಂತು. ಇದರಿಂದ ನಾವು ಕಲಿಯಬೇಕಾದ್ದು, ಯಾವ ಗಿಡ ಯಾವ ಕಾಲಕ್ಕೆ ಬೇಕಾದೀತೆಂದು ಮೊದಲೇ ಹೇಳಲು ಬರುವುದಿಲ್ಲ.

ಕಾಡು ಉಳಿಯಿತೆಂದು ಹೊಗಳುವಾಗ, ಅದಕ್ಕೆ ಬೆಲೆ ತೆತ್ತವರು ಯಾರೆಂಬುದನ್ನೂ ಹೇಳಬೇಕು. ಅಭಯಾರಣ್ಯದ ಒಳಗೆ, ಅಂಚಿನಲ್ಲಿ ಹಳ್ಳಿಗಳಿವೆ. ರಾತ್ರಿ ಕಾಡುಕೋಣ ಹೊಲಕ್ಕಿಳಿದರೆ ಭತ್ತ, ಕಬ್ಬು ಬೆಳಗಾಗುವಷ್ಟರಲ್ಲಿ ನೆಲಸಮ. 2002ರ ಸುಮಾರಿಗೆ ದಾಂಡೇಲಿಯ ಕಡೆಯಿಂದ ಆನೆಗಳು ತಿಳಾರಿಯ ಭಾಗಕ್ಕೆ ಬಂದವು. ಮುಂದೆ ಚಂದಗಡ, ಆಜರಾ ತಾಲೂಕಿಗೂ ತಲುಪಿದವು. ಕರ್ನಾಟಕದ ಆನೆ ಎಂದು ಮರಾಠಿ ರೈತ ದೂರುತ್ತಾನೆ. ಆನೆಗೆ ರೇಷನ್ ಕಾರ್ಡಿಲ್ಲ. ಬೆಳೆಸಾಲ ನವೀಕರಣಕ್ಕೆ ಬಂದ ರೈತರು ಪಂಚನಾಮೆಯ ಕಾಗದ ಹಿಡಿದು ನನ್ನ ಕೌಂಟರಿನ ಮುಂದೆ ನಿಂತದ್ದುಂಟು. ಪರಿಹಾರ ಬರುವಷ್ಟರಲ್ಲಿ ಬಡ್ಡಿ ಬೆಳೆದಿರುತ್ತದೆ. ಪಟ್ಟಣದಲ್ಲಿ ಕೂತು ಕಾಡು ಉಳಿಯಲಿ ಎನ್ನುವ ನಾವು ಈ ಲೆಕ್ಕವನ್ನು ಮರೆಯಬಾರದು. ಆ ರೈತರ ಸಹನೆಯೂ ಅಭಯಾರಣ್ಯದ ಬೇಲಿಯೇ. ಅದು ಮುರಿದರೆ ಸರ್ಕಾರದ ಬೇಲಿ ನಿಲ್ಲದು.

ಏಕೆಂದರೆ ಕಾಡಿನ ಫಲ ಉಣ್ಣುವವರು ದೂರದಲ್ಲಿದ್ದಾರೆ. ಭೋಗಾವತಿಯ ನೀರು ಪಂಚಗಂಗೆಯಾಗಿ ಕೊಲ್ಲಾಪುರ, ಇಚಲಕರಂಜಿಗಳನ್ನು ದಾಟಿ ನರಸೋಬನ ವಾಡಿಯಲ್ಲಿ ಕೃಷ್ಣೆಗೆ ಸೇರುತ್ತದೆ. ಘಟ್ಟದಲ್ಲಿ ಕನ್ನಡಿಯಂತಿದ್ದ ನೀರು ಮಗ್ಗಗಳ ಪಟ್ಟಣ ತಲುಪುವಷ್ಟರಲ್ಲಿ ಊರೂರ ಕೊಳೆಯನ್ನೆಲ್ಲ ಹೊತ್ತಿರುತ್ತದೆ. 2012ರ ಬೇಸಿಗೆಯಲ್ಲಿ ಇಚಲಕರಂಜಿಯಲ್ಲಿ ಕೆಟ್ಟ ನೀರಿನಿಂದ ಕಾಮಾಲೆ ಹರಡಿ ಸಾವುಗಳೂ ಆದವು. ಅನಂತರ ದೂಧಗಂಗೆಯ ನೀರನ್ನು ಸುಳಕೂಡದಿಂದ ಕೊಳವೆಯಲ್ಲಿ ತರುವ ಯೋಜನೆ ಬಂದಾಗ ನದೀತೀರದ ರೈತರು ವಿರೋಧಿಸಿದರು. ಅದೇ ದೂಧಗಂಗೆ ಮುಂದೆ ಚಿಕ್ಕೋಡಿ ಸೀಮೆಯ ಸದಲಗಾದ ಬದಿಗೆ ಹರಿದು ಕನ್ನಡದ ಹೊಲಗಳನ್ನು ನೆನೆಸುತ್ತದೆ. ನೀರಿಗಾಗಿ ಜಗಳಾಡುವ ಎಲ್ಲರ ನೀರೂ ಆ ಒಂದು ಬೆಟ್ಟಸಾಲಿನದು.

ನಮ್ಮೂರ ಹಿರಣ್ಯಕೇಶಿಯದೂ ಹೀಗೆಯೇ. ಅಂಬೋಲಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ, ಸಂಕೇಶ್ವರದಲ್ಲಿ ಕನ್ನಡನಾಡಿಗೆ ಬಂದು ಘಟಪ್ರಭೆಗೆ ಸೇರುತ್ತದೆ. ಅದರ ಉಗಮದ ಮಹಾದೇವ ದೇಗುಲದ ಹೊಂಡದಲ್ಲಿ 2020ರಲ್ಲಿ ವಿಜ್ಞಾನಿಗಳು ಒಂದು ಹೊಸ ಮೀನಿನ ಜಾತಿಯನ್ನು ಗುರುತಿಸಿ ಹೊಳೆಯ ಹೆಸರನ್ನೇ ಇಟ್ಟರು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಸಾರಿತು. ಇಡೀ ವಿಸ್ತಾರ ಎರಡು ಹೆಕ್ಟೇರಿಗೆ ತುಸು ಹೆಚ್ಚು. ದೇವರ ಹೊಂಡವೆಂದು ಜನ ಮುಟ್ಟದೆ ಬಿಟ್ಟದ್ದರಿಂದ ಅಷ್ಟಾದರೂ ಉಳಿದಿತ್ತು. ಮರಾಠಿಯ ದೇವರಾಯಿ, ತುಳುನಾಡಿನ ನಾಗಬನ, ಮಲಯಾಳದ ಕಾವು, ಇವೆಲ್ಲ ಇದೇ ರೀತಿಯ ಕಾವಲುಗಳು. ಮಹಾರಾಷ್ಟ್ರದ ದೇವರಾಯಿಗಳ ಮಹತ್ವವನ್ನು ಮಾಧವ ಗಾಡ್ಗೀಳ ಮತ್ತು ವಾ. ದ. ವರ್ತಕರು 1970ರ ದಶಕದಲ್ಲಿಯೇ ಬರೆದು ಲೋಕಕ್ಕೆ ತಿಳಿಸಿದರು. ರಾಜ, ದೇವರು, ಕಾಯಿದೆ ಹೀಗೆ ಕಾವಲುಗಾರರು ಬದಲಾಗಿದ್ದಾರೆ. ರಾಜ ಹೋದ, ದೇವರ ಭಯ ಕಡಿಮೆಯಾಗಿ ಎಷ್ಟೋ ಬನಗಳಲ್ಲಿ ಮರದ ಜಾಗಕ್ಕೆ ಸಿಮೆಂಟಿನ ಕಟ್ಟೆ ಬಂದಿದೆ, ಉಳಿದಿರುವುದು ಕಾಯಿದೆ. ಜನ ಕೈಜೋಡಿಸದಿದ್ದರೆ ಅದೊಂದರಿಂದಲೇ ಆಗುವ ಕೆಲಸವಲ್ಲ.

ಈಗ ನಿಮ್ಮ ಹೊಳೆಯ ಮಾತು. ಕಾಸರಗೋಡಿಗೆ ಕುಡಿಯುವ ನೀರು ಕೊಡುವ ಪಯಸ್ವಿನಿ, ಅಂದರೆ ಚಂದ್ರಗಿರಿ ಹೊಳೆ, ಹುಟ್ಟುವುದು ಕೊಡಗಿನ ಕಾಡಿನಲ್ಲಿ; ಸುಳ್ಯದ ಮೂಲಕ ಇಳಿದು ಬರುತ್ತದೆ. 2012ರ ಪರಂಪರೆಯ ಪಟ್ಟಿಯಲ್ಲಿ ಕೊಡಗಿನ ತಲಕಾವೇರಿ, ಬ್ರಹ್ಮಗಿರಿಗಳೂ ಕಣ್ಣೂರಿನ ಆರಳಮೂ ಒಂದೇ ಗುಂಪಿಗೆ ಸೇರಿವೆ. ಮಹಾಜನ ಆಯೋಗ 1967ರಲ್ಲಿ ಯಾವ ಹೊಳೆಯನ್ನು ಗಡಿಯ ಗೆರೆಯಾಗಿಸಲು ಹೇಳಿತೋ, ಆ ಹೊಳೆಯ ತವರು ಕರ್ನಾಟಕದಲ್ಲಿದೆ, ಕುಡಿಯುವವರು ಕೇರಳದಲ್ಲಿದ್ದಾರೆ. ನಮ್ಮಲ್ಲಿ ತವರು ಮಹಾರಾಷ್ಟ್ರದಲ್ಲಿದೆ, ಕುಡಿಯುವ ಕನ್ನಡಿಗರು ಕೆಳಗಿದ್ದಾರೆ. ಅಲ್ಪಸಂಖ್ಯಾತರಾದ ನಮಗೆ ನಮ್ಮದಲ್ಲದ ರಾಜ್ಯದ ಕಾಡು ಪರರ ಸೊತ್ತೆಂದು ತೋರುವುದು ಸಹಜ. ಹಾಗೆ ಬಿಟ್ಟುಕೊಟ್ಟರೆ ನಷ್ಟ ನಮ್ಮದೇ.

ಮನೆಯಲ್ಲಿ ಆಗುವ ಒಂದು ಕೆಲಸವಿದೆ. ಅಂಜನಿ, ಕಾರವಿ, ನರಕ್ಯಾಗಳ ಕನ್ನಡ ಹೆಸರನ್ನು ನಾನು ಊರ ಹಿರಿಯರಲ್ಲಿ ಕೇಳಿ ಬರೆದಿಡುತ್ತಿದ್ದೇನೆ. ಕೆಲವಕ್ಕೆ ಸಿಕ್ಕಿದೆ, ಕೆಲವಕ್ಕೆ ಇನ್ನೂ ಸಿಕ್ಕಿಲ್ಲ. ನಿಮ್ಮ ಮನೆಯ ಅಜ್ಜ ಅಜ್ಜಿಯರು ಪದವಿನ ಹೂಗಳಿಗೆ, ಬನದ ಬಳ್ಳಿಗಳಿಗೆ ಹೇಳುವ ಕನ್ನಡ, ತುಳು, ಮಲಯಾಳ ಹೆಸರುಗಳನ್ನು ಮಕ್ಕಳಿಂದ ಬರೆಯಿಸಿಡಿ. ಹೆಸರಿದ್ದ ಗಿಡವನ್ನು ಬರಡು ಜಾಗದ ಕಸವೆಂದು ಯಾರೂ ಸುಲಭವಾಗಿ ಹೇಳಲಾರರು. ಎರಡು ಭಾಷೆಗಳಲ್ಲಿ ಬರುವ ಈ ವಾರ್ಷಿಕದಲ್ಲಿ ಮುಂದಿನ ವರ್ಷ ಅಂಥ ಒಂದು ಪಟ್ಟಿ ಬಂದರೆ, ನಮ್ಮ ಸಡಾದ ಹೂಗಳ ಹೆಸರನ್ನು ಅದರ ಪಕ್ಕಕ್ಕೆ ಬರೆದು ಕಳಿಸಲು ನಾನು ಸಿದ್ಧನಿದ್ದೇನೆ.