ರಾತ್ರಿಯಿಡೀ ಹಾಡುವ ಪಾರಿಜಾತ

ಸಂಗೀತ ನಾಟಕವೆಂದರೆ ಗುಬ್ಬಿ ಕಂಪನಿಯನ್ನು ನೆನೆಯುವ ಕನ್ನಡಿಗರು ‘ಶ್ರೀಕೃಷ್ಣ ಪಾರಿಜಾತ’ವನ್ನು ಮರೆಯುತ್ತಾರೆ. ಇದು ದೊಡ್ಡ ಅನ್ಯಾಯ.

ಬೆಳಗಾವಿ, ಬಾಗಲಕೋಟೆ ಸೀಮೆಯ ಈ ಸಣ್ಣಾಟದ (ಬಯಲಾಟದ ಒಂದು ಬಗೆ) ಮೂಲ ಪಠ್ಯ ಅಪರಾಳ ತಮ್ಮಣ್ಣನದು. ಅದನ್ನು ರಂಗಕ್ಕೆ ಒಗ್ಗಿಸಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಕಥೆಯ ಎಳೆ ಸಣ್ಣದು: ನಾರದ ತಂದ ಪಾರಿಜಾತ ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಆ ಮುನಿಸೇ ಬೆಳಗಿನ ತನಕ ಹಾಡಾಗುತ್ತದೆ.

ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳದಲ್ಲಿ ಹಿಂದುಸ್ತಾನಿ ರಾಗಗಳು ಹಳ್ಳಿಯ ಗಂಟಲಲ್ಲಿ ಹೊಸ ಕಸುವು ಪಡೆಯುತ್ತವೆ. ಆಟದ ಜೀವಾಳವೆಂದರೆ ಭಾಗವತ. ಅವನು ಕಥೆ ನಡೆಸುವುದಷ್ಟೇ ಅಲ್ಲ, ದೇವರನ್ನೂ ಅರಸಿಯನ್ನೂ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಮಾತಿಗೆಳೆದು ಕೆಣಕುತ್ತಾನೆ. ಕೃಷ್ಣ ಕೊರವಂಜಿಯಾಗಿ ಬಂದು ಭಾಮೆಗೆ ಕಣಿ ಹೇಳುವ ಭಾಗದಲ್ಲಂತೂ ಹಾಡು, ಅಭಿನಯ, ಹಾಸ್ಯ ಒಂದಾಗಿಬಿಡುತ್ತವೆ. ಯಾವ ವೃತ್ತಿ ಕಂಪನಿಯ ದೃಶ್ಯಕ್ಕೂ ಇದು ಕಡಿಮೆಯಲ್ಲ.

ಹೆಣ್ಣಿನ ಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ಕಟ್ಟುತ್ತಿದ್ದ ಬಯಲಾಟದ ಲೋಕದಲ್ಲಿ ಕೌಜಲಗಿ ನಿಂಗಮ್ಮ ಪಾರಿಜಾತದಿಂದಲೇ ಮನೆಮಾತಾದರು. ರಂಗಭೂಮಿಯ ಚರಿತ್ರೆಯಲ್ಲಿ ಅವರಿಗೆ ಸಲ್ಲಬೇಕಾದದ್ದು ಒಂದು ಸಾಲಲ್ಲ, ಒಂದು ಅಧ್ಯಾಯ. ಅವರ ಗಾಯನದ ಧಾಟಿಯನ್ನು ಕಲಿಸುವ ಕೆಲಸ ನಾಟಕ ಶಾಲೆಗಳಲ್ಲೂ ನಡೆಯಬೇಕು.