ಎಂಜಿಬಿ ಕಾರಿನ ಪಾಲನೆ ಮತ್ತು ದುರಸ್ತಿ

ಎಂಜಿಬಿ ಎಂಬುದು ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ರಚನೆ ಸರಳವಾಗಿರುವುದರಿಂದಲೂ ಬಿಡಿಭಾಗಗಳು ಇಂದಿಗೂ ದೊರೆಯುವುದರಿಂದಲೂ ಅನೇಕ ಮಾಲೀಕರು ಇದನ್ನು ಸ್ವತಃ ದುರಸ್ತಿ ಮಾಡಿಕೊಳ್ಳುತ್ತಾರೆ.

ಈ ಕಾರಿನ ಆಯುಸ್ಸನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ತುಕ್ಕು. ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಉಕ್ಕಿನ ಬಾಡಿಯೇ ಭಾರವನ್ನು ಹೊರುತ್ತದೆ. ತೆರೆದ ಮಾದರಿಯಲ್ಲಿ ಛಾವಣಿಯ ಆಸರೆಯೂ ಇಲ್ಲವಾದ್ದರಿಂದ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಸಿಲ್ ಎಂಬ ಟೊಳ್ಳು ತೊಲೆಗಳೇ ಅದರ ಬೆನ್ನೆಲುಬು. ನೀರು, ಕೆಸರು ಸೇರಿ ಇವು ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಿರಬಹುದು. ಸಿಲ್ಲನ್ನು ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡಪಟ್ಟಿಯನ್ನು ಬೆಸೆದು ಭದ್ರಪಡಿಸಬೇಕು. ಇಲ್ಲವಾದರೆ ಬಾಡಿ ಬಾಗಿ, ಆಮೇಲೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ತುಕ್ಕು ತಿಂದ ಸಿಲ್ಲಿನ ಮೇಲೆಯೇ ಹೊಸ ತಗಡನ್ನು ಹೊದಿಸುವುದು ಕೊಳ್ಳುವವರಿಗೆ ಮಾಡುವ ವಂಚನೆಯೇ ಸರಿ. 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರತೊಡಗಿತು.

1,798 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಗಟ್ಟಿಮುಟ್ಟಾದುದು. ಅದರ ಜೋಡಿ ಎಸ್‌ಯು ಕಾರ್ಬ್ಯುರೇಟರ್‌ಗಳು ಸಮನಾಗಿ ಗಾಳಿ ಎಳೆಯಬೇಕು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಸದ್ದು ಕೇಳಿಯೇ ಇವನ್ನು ಹೊಂದಿಸುವವರಿದ್ದಾರೆ.

1974ರಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಕ್ರೋಮ್ ಬಂಪರ್ ತೆಗೆದು ದಪ್ಪನೆಯ ಕಪ್ಪು ಬಂಪರ್ ಅಳವಡಿಸಲಾಯಿತು. ಕಾರಿನ ಎತ್ತರವನ್ನೂ ಹೆಚ್ಚಿಸಿದ್ದರಿಂದ ತಿರುವುಗಳಲ್ಲಿ ಅದು ಹೆಚ್ಚು ವಾಲತೊಡಗಿತು. ಆದುದರಿಂದ ಇಂತಹ ಕಾರುಗಳಿಗೆ ಹಳೆಯ ಬಂಪರ್ ಕೂಡಿಸಿ ಎತ್ತರ ತಗ್ಗಿಸುವುದು ಮಾಲೀಕರ ಅಚ್ಚುಮೆಚ್ಚಿನ ಮಾರ್ಪಾಡು. ಕಾರ್ಖಾನೆಯಿಂದ ಬಂದ ರೂಪವನ್ನೇ ಉಳಿಸಬೇಕೆನ್ನುವವರು ಇದನ್ನು ಒಪ್ಪುವುದಿಲ್ಲ.