ಮರದ ಅಂಟು ನೀರಿಗಿಳಿದ ಕಥೆ

ಕಾಗದದ ಚರಿತ್ರೆಯನ್ನು ಹೇಳುವವರು ಚೀನದಿಂದ ಹೊರಟು, ಅರಬರ ನಾಡನ್ನು ಹಾದು, ಯೂರೋಪಿನ ಮುದ್ರಣಾಲಯಗಳನ್ನು ತಲುಪಿ ನಿಲ್ಲುವುದು ವಾಡಿಕೆ. ಆ ಕಾಗದಕ್ಕಾಗಿ ಮರದಿಂದ ಹೊರಹಾಕಿದ ಪದಾರ್ಥ ಏನಾಯಿತೆಂದು ವಿಚಾರಿಸಿದವರು ವಿರಳ. ಅದರ ಹೆಸರು ಲಿಗ್ನಿನ್. ಅದಕ್ಕೂ ಒಂದು ಚರಿತ್ರೆಯುಂಟು.

ಮರವೆಂದರೆ ಸೆಲ್ಯುಲೋಸಿನ ನಾರುಗಳ ಕಟ್ಟು. ಆ ನಾರುಗಳನ್ನು ಒಂದಕ್ಕೊಂದು ಬಿಗಿದಿರುವ ಅಂಟೇ ಲಿಗ್ನಿನ್. ಪೈನ್, ಸ್ಪ್ರೂಸ್ ಮೊದಲಾದ ಮರಗಳ ತೂಕದಲ್ಲಿ ಕಾಲುಭಾಗಕ್ಕೂ ಹೆಚ್ಚು ಪಾಲು ಇದರದೇ. ೧೮೩೮ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಮರದಿಂದ ಈ ಅಂಟನ್ನು ತೆಗೆದು ಸೆಲ್ಯುಲೋಸನ್ನು ಪ್ರತ್ಯೇಕಿಸಿದನು. ಸೆಲ್ಯುಲೋಸಿಗೆ ಕೀರ್ತಿ ಬಂದಿತು, ಲಿಗ್ನಿನ್ ತೊಡಕೆನಿಸಿಕೊಂಡಿತು. ಅದು ನೀರಿಗೆ ಬಗ್ಗುವ ವಸ್ತುವಲ್ಲ. ಬಗ್ಗುವುದಾಗಿದ್ದರೆ ಮಳೆಗಾಲದಲ್ಲಿ ಕಾಡು ಉಳಿಯುತ್ತಿತ್ತೆ?

ಅದನ್ನು ಬಗ್ಗಿಸುವ ಉಪಾಯಕ್ಕೆ ೧೮೬೭ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್. ಗಂಧಕವನ್ನು ಸುಟ್ಟು ಬಂದ ಅನಿಲವನ್ನು ಸುಣ್ಣದೊಡನೆ ನೀರಿನಲ್ಲಿ ಸೇರಿಸಿ, ಆ ಬೈಸಲ್ಫೈಟ್ ದ್ರವದಲ್ಲಿ ಮರದ ಚೂರುಗಳನ್ನು ಒತ್ತಡದಲ್ಲಿ ಬೇಯಿಸುವುದೇ ಆ ಕ್ರಮ. ೧೮೭೪ರಲ್ಲಿ ಕಾರ್ಲ್ ಡೇನಿಯಲ್ ಎಕ್ಮನ್ ಸ್ವೀಡನ್ನಿನ ಬರ್ಗ್‌ವಿಕ್‌ನಲ್ಲಿ, ಸುಣ್ಣದ ಬದಲು ಮೆಗ್ನೀಸಿಯಮನ್ನು ಉಪಯೋಗಿಸಿ, ಇದನ್ನು ಉದ್ಯಮವಾಗಿ ನಡೆಸಿ ತೋರಿಸಿದನು. ಬೇಯುವಾಗ ಲಿಗ್ನಿನ್ನಿನ ಬೃಹದಣು ತುಂಡುತುಂಡಾಗುತ್ತದೆ. ತುಂಡುಗಳಿಗೆ ಗಂಧಕದ ಸಲ್ಫೊನೇಟ್ ಗುಂಪುಗಳು ಅಂಟಿಕೊಳ್ಳುತ್ತವೆ. ಈ ಗುಂಪುಗಳಿಗೆ ನೀರೆಂದರೆ ಪ್ರೀತಿ. ನೀರಿನಲ್ಲಿ ಅವು ಋಣವಿದ್ಯುತ್ತನ್ನು ಧರಿಸುತ್ತವೆ. ನೀರನ್ನೊಲ್ಲದ ಭಾಗಗಳು ಒಳಗೆ ಮುದುರಿ, ವಿದ್ಯುತ್ತುಳ್ಳ ಗುಂಪುಗಳು ಹೊರಗೆ ಚಾಚುತ್ತವೆ. ಹೀಗೆ ಹುಟ್ಟಿದ ಲಿಗ್ನೋಸಲ್ಫೊನೇಟ್ ನೀರಿನಲ್ಲಿ ಕಂದುಬಣ್ಣದ ದ್ರಾವಣವಾಗಿ ಹರಡಿಕೊಳ್ಳುತ್ತದೆ.

ಹರಡಿದ್ದು ಹೋದುದಾದರೂ ಎಲ್ಲಿಗೆ? ಪಕ್ಕದ ಹೊಳೆಗೆ. ಬೇಯಿಸಿದ ಮರದಲ್ಲಿ ಸುಮಾರು ಅರ್ಧ ಮಾತ್ರ ನಾರಾಗಿ ಕೈಗೆ ಬರುತ್ತಿತ್ತು. ಉಳಿದರ್ಧ ದಶಕಗಳ ಕಾಲ ಯೂರೋಪ್ ಅಮೆರಿಕಗಳ ನದಿಗಳ ಪಾಲಾಯಿತು. ಅದರಲ್ಲಿದ್ದ ಸಕ್ಕರೆಯನ್ನು ತಿಂದು ಬೆಳೆದ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬರಿದುಮಾಡಿದವು, ಮೀನುಗಳು ಸತ್ತವು. ಲಿಗ್ನೋಸಲ್ಫೊನೇಟಾದರೋ ಬೇಗ ಕೊಳೆಯದೆ ನದಿಯ ಬಣ್ಣವನ್ನೇ ಕೆಡಿಸಿತು. ಬಿಳಿಯ ಕಾಗದದ ಬೆಲೆಯಲ್ಲಿ ಈ ನಷ್ಟದ ಲೆಕ್ಕ ಸೇರಿರಲಿಲ್ಲ.

ಪರಿಹಾರದ ದಾರಿ ತೆರೆದದ್ದೂ ಅದೇ ನೀರುಗುಣದಿಂದ. ದ್ರವವನ್ನು ಮಂದಮಾಡಿ ಮಣ್ಣಿನ ರಸ್ತೆಗಳ ಮೇಲೆ ಧೂಳಡಗಿಸಲು ಚಿಮುಕಿಸಿದರು. ಚರ್ಮ ಹದಮಾಡಲು ಬಳಸಿದರು. ೧೯೩೦ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಅದರಿಂದ ವೆನಿಲಾ ಪರಿಮಳದ ವ್ಯಾನಿಲಿನ್ ತಯಾರಾಯಿತು. ಅದೇ ದಶಕದಲ್ಲಿ ಅಮೆರಿಕದಲ್ಲಿ ಅದು ಕಾಂಕ್ರೀಟನ್ನೂ ಸೇರಿತು. ಸಿಮೆಂಟಿನ ಕಣಗಳು ನೀರಿನಲ್ಲಿ ಗುಂಪುಗಟ್ಟಿ, ನಡುವೆ ನೀರನ್ನು ಬಂಧಿಸಿಕೊಳ್ಳುತ್ತವೆ. ಲಿಗ್ನೋಸಲ್ಫೊನೇಟ್ ಪ್ರತಿ ಕಣದ ಮೇಲೂ ಕುಳಿತು ಅವುಗಳಿಗೆಲ್ಲ ಒಂದೇ ಬಗೆಯ ವಿದ್ಯುತ್ತನ್ನು ಕೊಡುವುದರಿಂದ ಕಣಗಳು ಒಂದನ್ನೊಂದು ದೂಡುತ್ತವೆ. ಸೆರೆಯಾಗಿದ್ದ ನೀರು ಬಿಡುಗಡೆಯಾಗುತ್ತದೆ. ಶೇಕಡ ೫ರಿಂದ ೧೦ರಷ್ಟು ನೀರನ್ನು ಕಡಮೆ ಮಾಡಿದರೂ ಕಲಸು ಸಲೀಸಾಗಿ ಹರಿಯುತ್ತದೆ. ನೀರು ಕಡಮೆಯಾದಷ್ಟೂ ಕಾಂಕ್ರೀಟು ಬಲಿಷ್ಠವಾಗುತ್ತದೆ.

ಇಷ್ಟರಲ್ಲಿ ಕಾಗದದ ಉದ್ಯಮವೇ ಹಾದಿ ಬದಲಿಸಿತ್ತು. ಜರ್ಮನಿಯ ಕಾರ್ಲ್ ಡಾಲ್ ೧೮೭೯ರಲ್ಲಿ ಕಂಡುಹಿಡಿದ ಕ್ರಾಫ್ಟ್ ಕ್ರಮವೇ ಇಂದು ಪ್ರಧಾನವಾಗಿದೆ. ಅದರಲ್ಲಿ ಲಿಗ್ನಿನ್ ಕ್ಷಾರದಲ್ಲಿ ಕರಗುತ್ತದೆ. ಆಮ್ಲ ಬೆರೆಸಿದೊಡನೆ ಗಷ್ಟಾಗಿ ತಳಕ್ಕಿಳಿಯುತ್ತದೆ. ಅದರ ಬಹುಭಾಗವನ್ನು ಕಾರ್ಖಾನೆಯ ಒಲೆಯಲ್ಲೇ ಉರಿಸಿ ಶಕ್ತಿ ಪಡೆಯುತ್ತಾರೆ. ಹಳೆಯ ಸಲ್ಫೈಟ್ ಗಿರಣಿಗಳು ಬಹುಮಟ್ಟಿಗೆ ಮುಚ್ಚಿಹೋದವು. ಉಳಿದವುಗಳಲ್ಲಿ ಪ್ರಸಿದ್ಧವಾದದ್ದು ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಗ್ಲೊಮ್ಮಾ ನದಿಯ ದಡದಲ್ಲಿರುವ, ೧೮೮೯ರಲ್ಲಿ ಸ್ಥಾಪನೆಯಾದ ಬೋರೆಗಾರ್ಡ್. ಲಿಗ್ನೋಸಲ್ಫೊನೇಟೂ ವ್ಯಾನಿಲಿನ್ನೂ ಅಲ್ಲಿ ಮಾರಾಟದ ಸರಕುಗಳು.

ನದಿಗೆ ಸುರಿದ ದಿನವೂ ಕಟ್ಟಡಕ್ಕೆ ಬೆರೆಸಿದ ದಿನವೂ ಲಿಗ್ನೋಸಲ್ಫೊನೇಟಿನ ಗುಣ ಒಂದೇ ಆಗಿತ್ತು. ಆ ಗುಣವನ್ನು ಅರಿಯುವ ಶ್ರಮವನ್ನು ಮನುಷ್ಯ ತಡವಾಗಿ ಕೈಗೊಂಡನು; ಆ ತಡಕ್ಕೆ ದಂಡ ತೆತ್ತವು ಮಾತ್ರ ನದಿಗಳು.